ಬ್ಯಾಟರಿ ಬದಲಿಸಿದ ಮೇಲೆ ಬ್ರೇಕ್ ದೀಪ ಯಾಕೆ ಉರಿಯುತ್ತದೆ? ಮೀಟರ್ ಬೋರ್ಡಿನ ನೂರು ವರ್ಷದ ಕಥೆ

ಕಾರಿನ ಬ್ಯಾಟರಿ ಸತ್ತಿತ್ತು, ಹೊಸದು ಹಾಕಿಸಿದಿರಿ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಆದರೆ ಮೀಟರ್ ಬೋರ್ಡಿನಲ್ಲಿ ನಿನ್ನೆಯವರೆಗೆ ಇಲ್ಲದ ದೀಪಗಳು ಉರಿಯುತ್ತಿವೆ. ದುಂಡನೆಯ ಗೆರೆಯೊಳಗೆ ಒಂದು ಆಶ್ಚರ್ಯಸೂಚಕ ಚಿಹ್ನೆ, ಪಕ್ಕದಲ್ಲಿ ಹಳದಿ ಬಣ್ಣದಲ್ಲಿ ಎಬಿಎಸ್. ಬ್ಯಾಟರಿ ಅಂಗಡಿಗೆ ಫೋನ್ ಮಾಡಿದರೆ ಬೀದರಿನಿಂದ ಚಾಮರಾಜನಗರದವರೆಗೆ ಸಿಗುವ ಉತ್ತರ ಒಂದೇ: "ಬ್ಯಾಟರಿ ಬಿಚ್ಚಿದ್ವಲ್ಲ ಸಾರ್, ಅದಕ್ಕೇ. ಎರಡು ದಿನ ಓಡಿಸಿ, ತಾನೇ ಹೋಗುತ್ತೆ."

ಈ ಮಾತು ಅರ್ಧ ನಿಜ. ಯಾವ ಅರ್ಧ ನಿಜ ಎಂದು ತಿಳಿಯದೆ ಆ ಎರಡು ದಿನದಲ್ಲಿ ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯಬೇಕಾಗಿ ಬಂದರೆ ಕಷ್ಟ. ಮೆಕ್ಯಾನಿಕ್‌ಗಳನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದಕ್ಕೆ ಕಾರಣವೂ ಇದೆ. ಅಕ್ಕಪಕ್ಕದಲ್ಲೇ ಕೂತಿದ್ದರೂ ಈ ದೀಪಗಳು ಒಂದೇ ಕಾಲದವಲ್ಲ. ಕೆಂಪು ದೀಪ ಕಡ್ಡಾಯವಾಗಿದ್ದು 1960ರ ದಶಕದಲ್ಲಿ. ಇವತ್ತಿನ ಎಬಿಎಸ್ ಬಂದದ್ದು 1970ರ ದಶಕದ ಕೊನೆಯಲ್ಲಿ. ಕಾರು ಜಾರುವ ಚಿತ್ರದ ಹಳದಿ ದೀಪ 1990ರ ದಶಕದ ಕೂಸು. ಒಂದೊಂದೂ ಒಂದೊಂದು ಭಯದಿಂದ ಹುಟ್ಟಿದೆ, ಬ್ಯಾಟರಿಯ ಜೊತೆ ಒಂದೊಂದರ ಸಂಬಂಧವೂ ಬೇರೆ. ಆ ಸಂಬಂಧ ಗೊತ್ತಾದರೆ ಯಾವ ದೀಪವನ್ನು ಬ್ಯಾಟರಿಯ ಲೆಕ್ಕಕ್ಕೆ ಹಾಕಬಹುದು, ಯಾವುದನ್ನು ಹಾಕಬಾರದು ಎನ್ನುವುದು ತಿಳಿಯುತ್ತದೆ.

ಬ್ರೇಕಿಗೂ ಬ್ಯಾಟರಿಗೂ ಮಾತಿಲ್ಲದ ಕಾಲ

ಮೊದಲ ಕಾರುಗಳ ಬ್ರೇಕ್ ಅಂದರೆ ಕಬ್ಬಿಣದ ಸರಳು, ತಂತಿ, ಸನ್ನೆಕೋಲು. ಕಾಲಿನಲ್ಲಿ ಒತ್ತಿದ್ದು ಸರಳಿನ ಮೂಲಕ ಚಕ್ರಕ್ಕೆ ಮುಟ್ಟುತ್ತಿತ್ತು. ಬ್ಯಾಟರಿಗೆ ಕಾರಿನಲ್ಲಿ ನಿಜವಾದ ಕೆಲಸ ಸಿಕ್ಕಿದ್ದು 1912ರಲ್ಲಿ. ಚಾರ್ಲ್ಸ್ ಕೆಟರಿಂಗ್ ಎಂಬ ಅಮೆರಿಕನ್ ಇಂಜಿನಿಯರ್ ಮಾಡಿದ ಸೆಲ್ಫ್ ಸ್ಟಾರ್ಟರ್ ಅನ್ನು ಕ್ಯಾಡಿಲಾಕ್ ಕಾರಿಗೆ ಅಳವಡಿಸಿದ ವರ್ಷ ಅದು. ಅಲ್ಲಿಂದ ಬ್ಯಾಟರಿಯ ಕೆಲಸ ಸ್ಟಾರ್ಟ್ ಮಾಡುವುದು, ದೀಪ ಉರಿಸುವುದು, ಹಾರ್ನ್ ಹೊಡೆಯುವುದು. ಬ್ರೇಕಿನ ಸುದ್ದಿಗೆ ಅದು ಹೋಗಲಿಲ್ಲ.

ಬ್ರೇಕಿಗೆ ಎಣ್ಣೆ ಬಂದದ್ದು ಬೇರೆ ದಾರಿಯಲ್ಲಿ. ಮಾಲ್ಕಮ್ ಲಾಕ್‌ಹೀಡ್ ಎಂಬಾತ 1917ರಲ್ಲಿ ಹೈಡ್ರಾಲಿಕ್ ಬ್ರೇಕಿಗೆ ಪೇಟೆಂಟ್ ಪಡೆದ. ಅವನ ಕುಟುಂಬದ ಹೆಸರೇ ಮುಂದೆ ವಿಮಾನ ಕಂಪನಿಗೂ ಬಂತು. 1921ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ ಎಣ್ಣೆಯ ಬ್ರೇಕ್ ಇತ್ತು. ಎಲ್ಲರೂ ಕೂಡಲೇ ಒಪ್ಪಲಿಲ್ಲ. ಫೋರ್ಡ್ ಕಂಪನಿ 1939ರವರೆಗೂ ಸರಳು ತಂತಿಗಳನ್ನೇ ನೆಚ್ಚಿಕೊಂಡಿತ್ತು. ಅದನ್ನು ಹಳೇ ತಲೆಯ ಹಟ ಎಂದು ತಳ್ಳಿಹಾಕುವಂತಿಲ್ಲ. ಸರಳು ತುಂಡಾದರೆ ಒಂದು ಚಕ್ರದ ಬ್ರೇಕ್ ಹೋದೀತು. ಎಣ್ಣೆಯ ಪೈಪಿನಲ್ಲಿ ಎಲ್ಲೋ ಒಂದು ಕಡೆ ತೂತು ಬಿದ್ದರೂ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೇ ಹೋಗುತ್ತದೆ.

ಹಳೇ ಡ್ರೈವರ್‌ಗಳು ಗಾಡಿ ಹತ್ತಿದ ಕೂಡಲೇ ಪೆಡಲನ್ನು ಎರಡು ಸಲ ಪಂಪ್ ಮಾಡಿ ನೋಡುತ್ತಿದ್ದದ್ದು ಈ ಭಯಕ್ಕೇ. ಅವರಿಗೆ ಎಚ್ಚರಿಕೆಯ ದೀಪ ಅಂದರೆ ಪಾದ. ಪೆಡಲ್ ಕೆಳಗಿಳಿದರೆ ಎಣ್ಣೆ ಕಡಿಮೆ, ಸ್ಪಂಜಿನ ಹಾಗಾದರೆ ಪೈಪಿನಲ್ಲಿ ಗಾಳಿ. ಅಂತಹ ಗಾಡಿಯ ಬ್ಯಾಟರಿ ಕಿತ್ತು ಪಕ್ಕಕ್ಕಿಟ್ಟು, ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಿ ಹೊರಟರೂ ಬ್ರೇಕಿಗೆ ಅದರ ಪರಿವೆಯೇ ಇರುತ್ತಿರಲಿಲ್ಲ.

ಸೂಚನೆಯ ದೀಪಗಳು ಮಾತ್ರ ಅಷ್ಟರಲ್ಲಿ ಹುಟ್ಟಿದ್ದವು. 1930ರ ದಶಕದಲ್ಲಿ ಅಮೆರಿಕದ ಹಡ್ಸನ್ ಕಂಪನಿ ಆಯಿಲ್ ಒತ್ತಡಕ್ಕೂ ಚಾರ್ಜಿಂಗ್‌ಗೂ ಮುಳ್ಳಿನ ಮೀಟರ್ ತೆಗೆದು ಸಣ್ಣ ದೀಪ ಹಾಕಿತು. ಮುಳ್ಳು ನೋಡಿ ಅಭ್ಯಾಸವಿದ್ದವರು ಅದಕ್ಕೆ "ಪೆದ್ದರ ದೀಪ" ಎಂಬರ್ಥದ ಹೆಸರಿಟ್ಟು ನಕ್ಕರು. ಆ ಹೆಸರು ಇಂಗ್ಲಿಷಿನಲ್ಲಿ ಇವತ್ತಿಗೂ ಉಳಿದಿದೆ. ನಗುವುದಕ್ಕೆ ಕಾರಣವಿತ್ತು: ಮುಳ್ಳು ನಿಧಾನಕ್ಕೆ ಇಳಿಯುವುದು ಕಾಣುತ್ತದೆ, ದೀಪ ಎಲ್ಲಾ ಮುಗಿದ ಮೇಲೆ ಹೊತ್ತಿಕೊಳ್ಳುತ್ತದೆ.

ಕೆಂಪು ದೀಪ ಯಾಕೆ ಬೇಕಾಯಿತು

ಒಂದು ತೂತಿಗೆ ಎಲ್ಲಾ ಬ್ರೇಕ್ ಹೋಗುವ ಸಮಸ್ಯೆಗೆ ಸಿಕ್ಕ ಪರಿಹಾರ ಎಣ್ಣೆಯ ದಾರಿಯನ್ನೇ ಎರಡು ಮಾಡುವುದು. ಒಂದು ಮಾಸ್ಟರ್ ಸಿಲಿಂಡರಿನಲ್ಲಿ ಎರಡು ಕೋಣೆ, ಎರಡು ಬೇರೆ ಪೈಪಿನ ಸಾಲು. ಒಂದು ಹೋದರೂ ಇನ್ನೊಂದು ಗಾಡಿ ನಿಲ್ಲಿಸುತ್ತದೆ. ಅಮೆರಿಕದಲ್ಲಿ 1962ರ ಕ್ಯಾಡಿಲಾಕ್ ಮತ್ತು ರ‍್ಯಾಂಬ್ಲರ್ ಕಾರುಗಳಲ್ಲಿ ಇದು ಬಂತು.

ಆದರೆ ಈ ಪರಿಹಾರವೇ ಒಂದು ಹೊಸ ತೊಂದರೆ ತಂದಿತು. ಎರಡರಲ್ಲಿ ಒಂದು ದಾರಿ ಹೋದಾಗ ಪೆಡಲ್ ಸ್ವಲ್ಪ ಹೆಚ್ಚು ಇಳಿಯುತ್ತದೆ, ಗಾಡಿ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ, ಆದರೂ ನಿಲ್ಲುತ್ತದೆ. ಊರೊಳಗೆ ನಿಧಾನಕ್ಕೆ ಓಡಿಸುವವನಿಗೆ ಅರ್ಧ ಬ್ರೇಕ್ ಹೋಗಿದೆ ಎಂದು ತಿಂಗಳಾದರೂ ಗೊತ್ತಾಗದೆ ಇರಬಹುದು. ಉಳಿದರ್ಧವೂ ಹೋದ ದಿನ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಪಾದಕ್ಕೆ ತಿಳಿಯದ ಈ ಸುದ್ದಿಯನ್ನು ಕಣ್ಣಿಗೆ ತಿಳಿಸಲು ಕೆಂಪು ದೀಪ ಬೇಕಾಯಿತು.

ಅದನ್ನು ಕಂಪನಿಗಳ ಇಷ್ಟಕ್ಕೆ ಬಿಡಲಿಲ್ಲ. 1965ರಲ್ಲಿ ರಾಲ್ಫ್ ನೇಡರ್ ಎಂಬ ಯುವ ವಕೀಲ ಕಾರು ಕಂಪನಿಗಳ ಬೇಜವಾಬ್ದಾರಿಯ ಮೇಲೆ ಒಂದು ಪುಸ್ತಕ ಬರೆದರು. ಅದು ಎಬ್ಬಿಸಿದ ಗದ್ದಲದ ನಡುವೆ 1966ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ವಾಹನ ಸುರಕ್ಷತೆಯ ಕಾಯ್ದೆಗೆ ಸಹಿ ಹಾಕಿದರು. ಅದರಡಿ ಬಂದ ನಿಯಮದಂತೆ 1968ರ ಜನವರಿಯಿಂದ ಅಲ್ಲಿನ ಹೊಸ ಕಾರುಗಳಿಗೆ ಎರಡು ದಾರಿಯ ಬ್ರೇಕೂ ಅದರ ಎಚ್ಚರಿಕೆಯ ದೀಪವೂ ಕಡ್ಡಾಯವಾದವು.

ಆಗಿನ ಕೆಂಪು ದೀಪದ ಯಂತ್ರ ಎಷ್ಟು ಸರಳ ನೋಡಿ. ಎರಡು ಪೈಪುಗಳ ನಡುವೆ ಒಂದು ಸಣ್ಣ ಪಿಸ್ಟನ್. ಎರಡೂ ಕಡೆ ಒತ್ತಡ ಸಮ ಇದ್ದಷ್ಟು ದಿನ ಅದು ನಡುವೆ ನಿಂತಿರುತ್ತದೆ. ಒಂದು ಕಡೆ ಒತ್ತಡ ಬಿದ್ದರೆ ಆ ಕಡೆಗೆ ಸರಿದು ಒಂದು ಸ್ವಿಚ್ ಮುಟ್ಟುತ್ತದೆ, ದೀಪ ಹತ್ತುತ್ತದೆ. ತಕ್ಕಡಿಯ ಲೆಕ್ಕ. ಅದೇ ಬಲ್ಬಿಗೆ ಹ್ಯಾಂಡ್ ಬ್ರೇಕಿನ ಸ್ವಿಚ್ಚನ್ನೂ ಸೇರಿಸಿದರು.

ಆಮೇಲೆ ಬಂದ ಕಾರುಗಳಲ್ಲಿ ಈ ಪಿಸ್ಟನ್ ಹೋಗಿ, ಬ್ರೇಕ್ ಆಯಿಲ್ ಡಬ್ಬಿಯೊಳಗೆ ಒಂದು ತೇಲುಬುರುಡೆ ಬಂತು. ಇವತ್ತು ನಿಮ್ಮ ಕಾರಿನಲ್ಲಿರುವುದು ಬಹುತೇಕ ಅದೇ. ಆಯಿಲ್ ಇಳಿದಂತೆ ಬುರುಡೆ ಇಳಿಯುತ್ತದೆ, ಒಂದು ಮಟ್ಟಕ್ಕೆ ಬಂದಾಗ ಸ್ವಿಚ್ ಕೂಡುತ್ತದೆ. ಇದರಿಂದ ಇನ್ನೊಂದು ಲಾಭವೂ ಆಯಿತು. ಡಿಸ್ಕ್ ಬ್ರೇಕಿನ ಪ್ಯಾಡ್ ಸವೆದಂತೆ ಅದರ ಹಿಂದಿನ ಪಿಸ್ಟನ್ ಮುಂದೆ ಬರುತ್ತದೆ, ಖಾಲಿಯಾದ ಜಾಗಕ್ಕೆ ಡಬ್ಬಿಯಿಂದ ಆಯಿಲ್ ಇಳಿಯುತ್ತದೆ. ಎಲ್ಲೂ ಸೋರದೆ ಆಯಿಲ್ ಕಡಿಮೆಯಾಗಿದೆ ಅಂದರೆ ಪ್ಯಾಡ್ ಸವೆದಿದೆ ಎಂದೇ ಹೆಚ್ಚಿನ ಸಲ ಅರ್ಥ. ಪ್ಯಾಡ್ ನೋಡದೆ ಆಯಿಲ್ ತುಂಬಿಸಿ ದೀಪ ಆರಿಸುವುದು ಜ್ವರ ಇರುವವನ ಥರ್ಮಾಮೀಟರನ್ನು ತಣ್ಣೀರಿಗೆ ಅದ್ದಿದ ಹಾಗೆ.

ಇಲ್ಲಿ ಗಮನಿಸಬೇಕಾದದ್ದು: ತೇಲುಬುರುಡೆಗೆ ನೆನಪಿಲ್ಲ. ಹ್ಯಾಂಡ್ ಬ್ರೇಕ್ ಸ್ವಿಚ್ಚಿಗೂ ನೆನಪಿಲ್ಲ. ಬ್ಯಾಟರಿ ಬಿಚ್ಚಿ ಹಾಕಿದ್ದರಿಂದ ಮರೆತುಹೋಗುವಂಥದ್ದು ಅವುಗಳಲ್ಲಿ ಏನೂ ಇಲ್ಲ. ಹಾಗಾಗಿ ಕೆಂಪು ದೀಪ ಒಂದೇ ಉರಿಯುತ್ತಿದ್ದರೆ "ಬ್ಯಾಟರಿ ಬಿಚ್ಚಿದ್ದಕ್ಕೆ" ಎನ್ನುವ ಮಾತನ್ನು ನಂಬಬೇಡಿ. ಒಂದೋ ಹ್ಯಾಂಡ್ ಬ್ರೇಕ್ ಲಿವರ್ ಪೂರ್ತಿ ಇಳಿದಿಲ್ಲ, ಇಲ್ಲವೇ ಆಯಿಲ್ ಕಡಿಮೆ. ಎಷ್ಟೋ ಕಾರುಗಳಲ್ಲಿ ಬ್ಯಾಟರಿಯೂ ಬ್ರೇಕ್ ಆಯಿಲ್ ಡಬ್ಬಿಯೂ ಬಾನೆಟ್ ಕೆಳಗೆ ಒಂದಕ್ಕೊಂದು ಹತ್ತಿರವೇ ಇರುತ್ತವೆ. ಭಾರದ ಬ್ಯಾಟರಿ ಎತ್ತಿಡುವಾಗ ಡಬ್ಬಿಯ ವೈರಿಗೆ, ಅದರ ಸಾಕೆಟ್ಟಿಗೆ ಪೆಟ್ಟು ಬಿದ್ದಿರಬಹುದು. ಅದನ್ನೂ ಒಮ್ಮೆ ಕಣ್ಣಲ್ಲಿ ನೋಡಿ.

ಎರಡು ಕೆಂಪು ದೀಪ ಒಟ್ಟಿಗೆ

ಬ್ಯಾಟರಿಗೂ ಬ್ರೇಕ್ ದೀಪಕ್ಕೂ ಮೊದಲ ನಂಟು ಬೆಳೆದದ್ದು ಒಂದು ಸಣ್ಣ ಪ್ರಶ್ನೆಯಿಂದ: ಆ ಬಲ್ಬೇ ಸುಟ್ಟುಹೋಗಿದ್ದರೆ? ಬ್ರೇಕ್ ಹೋಗಿದ್ದರೂ ದೀಪ ಹತ್ತುವುದಿಲ್ಲ. ಅದಕ್ಕೇ ಕೀ ತಿರುಗಿಸಿದಾಗ ದೀಪ ಒಮ್ಮೆ ಹತ್ತಿ, ಇಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು ಎಂಬ ಏರ್ಪಾಡು ಬಂತು.

ಇಂಜಿನ್ ಸ್ಟಾರ್ಟ್ ಆಗಿದೆ ಎಂದು ದೀಪಕ್ಕೆ ಹೇಳುವವರು ಯಾರು? ಅಷ್ಟು ಹೊತ್ತಿಗೆ ಕಾರುಗಳಿಗೆ ಆಲ್ಟರ್ನೇಟರ್ ಬಂದಿತ್ತು. ಅಮೆರಿಕದಲ್ಲಿ ಕ್ರೈಸ್ಲರ್ ಕಂಪನಿ 1960ರ ಸುಮಾರಿಗೆ ಡೈನಮೊ ಬಿಟ್ಟು ಅದನ್ನು ಹಾಕತೊಡಗಿತು. ನಮ್ಮ ಕಡೆಯ ಹಳೇ ಎಲೆಕ್ಟ್ರಿಷಿಯನ್‌ಗಳು ಇವತ್ತಿಗೂ ಅದನ್ನು ಡೈನಮೊ ಎಂದೇ ಕರೆಯುತ್ತಾರೆ, ಕರೆಯಲಿ. ಅದು ಚಾರ್ಜ್ ಮಾಡತೊಡಗಿತು ಅಂದರೆ ಇಂಜಿನ್ ಓಡುತ್ತಿದೆ ಎಂದೇ ಅರ್ಥ. ಹಾಗಾಗಿ ಹಲವು ಜಪಾನಿ ಕಾರುಗಳಲ್ಲಿ ಬ್ರೇಕ್ ದೀಪದ ಈ ಪರೀಕ್ಷೆಯ ವೈರನ್ನು ಚಾರ್ಜಿಂಗ್ ದೀಪದ ವೈರಿಗೇ ಜೋಡಿಸಿದರು.

ಅದರ ಪರಿಣಾಮ ವಿಚಿತ್ರ. ಅಂತಹ ಗಾಡಿಯಲ್ಲಿ ಆಲ್ಟರ್ನೇಟರ್ ಕೆಟ್ಟರೆ ಬ್ಯಾಟರಿ ಚಿತ್ರದ ದೀಪವೂ ಬ್ರೇಕ್ ದೀಪವೂ ಒಟ್ಟಿಗೆ ಹತ್ತುತ್ತವೆ. ಕೆಲವೊಮ್ಮೆ ಮಂಕಾಗಿ, ಇಂಜಿನ್ ರೇಸ್ ಮಾಡಿದಾಗ ಜೋರಾಗಿ. ಬ್ರೇಕ್ ಸರಿಯಾಗೇ ಇರುತ್ತದೆ. ಇದು ಗೊತ್ತಿಲ್ಲದ ಗ್ಯಾರೇಜಿನಲ್ಲಿ ಬ್ರೇಕ್ ಬಿಚ್ಚಿ ಹುಡುಕುತ್ತಾ ಕೂರುತ್ತಾರೆ.

ಇನ್ನೊಂದು ನಷ್ಟ ಇದಕ್ಕಿಂತ ಸಾಮಾನ್ಯ. ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲವಾದ್ದರಿಂದ ಬ್ಯಾಟರಿ ಸತ್ತಿದೆ. ಅಂಗಡಿಯಲ್ಲಿ ಚಾರ್ಜಿಂಗ್ ನೋಡದೆ ಹೊಸ ಬ್ಯಾಟರಿ ಹಾಕಿ ಕಳಿಸುತ್ತಾರೆ. ಹೊಸದು ಒಂದೆರಡು ದಿನ ತನ್ನೊಳಗಿನ ಶಕ್ತಿಯಲ್ಲೇ ಗಾಡಿ ಓಡಿಸಿ, ಸೋಲುತ್ತಾ ಬರುವಾಗ ದೀಪಗಳು ಒಂದೊಂದಾಗಿ ಹತ್ತುತ್ತವೆ. ಆಗಲೂ ಸಿಗುವ ಉತ್ತರ ಅದೇ: "ತಾನೇ ಹೋಗುತ್ತೆ." ಹೋಗುವುದು ದೀಪವಲ್ಲ, ಬ್ಯಾಟರಿಗೆ ಕೊಟ್ಟ ದುಡ್ಡು. ಬಾಡಿಗೆ ಗಾಡಿ ನಂಬಿ ಬದುಕುವವರಿಗೆ ಅದು ವಾರದ ಸಂಪಾದನೆ.

ಹಳೆಯ ಕೆಲವು ಡೀಸೆಲ್ ಗಾಡಿಗಳಲ್ಲಿ ಈ ನಂಟು ಇನ್ನೂ ಗಟ್ಟಿ. ಪೆಡಲನ್ನು ಹಗುರ ಮಾಡುವ ಬೂಸ್ಟರ್‌ಗೆ ಗಾಳಿ ಎಳೆದುಕೊಡುವ ವ್ಯಾಕ್ಯೂಮ್ ಪಂಪ್ ಅವುಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಬೆಲ್ಟ್ ತುಂಡಾದರೆ ಚಾರ್ಜಿಂಗ್ ದೀಪ ಹತ್ತುತ್ತದೆ, ಜೊತೆಗೇ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಬ್ಯಾಟರಿ ದೀಪ ತಾನೇ, ಮನೆ ಮುಟ್ಟಿ ನೋಡೋಣ ಎಂದು ಘಾಟಿ ಇಳಿಯಲು ಹೊರಟರೆ ಬ್ರೇಕೇ ಕೈಕೊಡುತ್ತದೆ.

ಹಳದಿ ದೀಪಗಳ ಕಾಲ

ಬ್ರೇಕ್ ಜೋರಾಗಿ ಒತ್ತಿದಾಗ ಚಕ್ರ ಕಚ್ಚಿಕೊಂಡು ಗಾಡಿ ಜಾರುವುದು, ಸ್ಟೇರಿಂಗ್ ಮಾತು ಕೇಳದಿರುವುದು ಎಲ್ಲರಿಗೂ ಗೊತ್ತು. ಇದನ್ನು ತಡೆಯುವ ಉಪಾಯ ಮೊದಲು ಬಂದದ್ದು ವಿಮಾನಗಳಿಗೆ. ಬ್ರಿಟನ್ನಿನ ಡನ್‌ಲಪ್ ಕಂಪನಿಯ ಮ್ಯಾಕ್ಸರೆಟ್ ಎಂಬ ಯಂತ್ರ 1950ರ ದಶಕದಲ್ಲಿ ವಿಮಾನದ ಚಕ್ರಗಳಿಗೆ ಬಂತು. 1966ರಲ್ಲಿ ಜೆನ್ಸನ್ ಎಫ್ಎಫ್ ಎಂಬ ಕಾರಿಗೂ ಹಾಕಿದರು. ಅದು ಪೂರ್ತಿ ಯಾಂತ್ರಿಕ, ಬ್ಯಾಟರಿಯ ಹಂಗಿಲ್ಲ.

ಈಗ ನಾವು ಎಬಿಎಸ್ ಎನ್ನುವುದು 1978ರದ್ದು. ಜರ್ಮನಿಯ ಬಾಷ್ ಕಂಪನಿ ಅದನ್ನು ಮರ್ಸಿಡಿಸ್ ಎಸ್ ಕ್ಲಾಸ್ ಕಾರಿಗೆ ಕೊಟ್ಟಿತು. ಬಾಷ್ ಅಂದರೆ ಬೇರೆ ಯಾರೂ ಅಲ್ಲ, ಬೆಂಗಳೂರಿನ ಆಡುಗೋಡಿಯಲ್ಲಿದ್ದ ನಮ್ಮ ಮೈಕೋದ ತಾಯಿ ಕಂಪನಿ. ಟ್ರ್ಯಾಕ್ಟರಿನ ಡೀಸೆಲ್ ಪಂಪ್ ಬಿಚ್ಚಿದವರಿಗೆಲ್ಲ ಗೊತ್ತಿರುವ ಹೆಸರು. 2008ರಲ್ಲಿ ಮೈಕೋ ಹೆಸರು ಹೋಗಿ ಬಾಷ್ ಎಂದೇ ಆಯಿತು.

ಎಬಿಎಸ್‌ನೊಂದಿಗೆ ಬ್ರೇಕಿಗೆ ಮೊದಲ ಬಾರಿ ಒಂದು ಪುಟ್ಟ ಕಂಪ್ಯೂಟರ್ ಬಂತು, ಅದಕ್ಕೆ ಕರೆಂಟ್ ಬೇಕಾಯಿತು. ಚಕ್ರದ ಬಳಿಯ ಸೆನ್ಸರ್‌ಗಳು ವೇಗ ಹೇಳುತ್ತವೆ, ಯಾವ ಚಕ್ರ ಕಚ್ಚಿಕೊಳ್ಳುತ್ತಿದೆಯೋ ಅದರ ಒತ್ತಡವನ್ನು ಕಂಪ್ಯೂಟರ್ ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿಯುತ್ತದೆ. ಕರೆಂಟ್ ಸಾಲದೆ ಹೋದರೆ? ಅರ್ಧಂಬರ್ಧ ಕೆಲಸ ಮಾಡಿ ತಪ್ಪು ಚಕ್ರದ ಬ್ರೇಕ್ ಬಿಟ್ಟರೆ ಅನಾಹುತ. ಅದಕ್ಕೇ ವೋಲ್ಟೇಜ್ ಹತ್ತರ ಆಸುಪಾಸಿಗೆ ಬಿದ್ದರೆ ಅದು ತಾನೇ ಪಕ್ಕಕ್ಕೆ ಸರಿದು, ಹಳದಿ ದೀಪ ಹತ್ತಿಸಿ, ಹಳೆಯ ಎಣ್ಣೆಯ ಬ್ರೇಕನ್ನು ನಿಮ್ಮ ಕಾಲಿಗೆ ಒಪ್ಪಿಸಿಬಿಡುತ್ತದೆ. ತನಗೆ ಆಗುವುದಿಲ್ಲ ಎಂದು ಮೊದಲೇ ಹೇಳುವ ಈ ಗುಣ ಮನುಷ್ಯರಲ್ಲೂ ಅಪರೂಪ.

ಬ್ಯಾಟರಿ ಸಾಯುವ ಮುಂಚಿನ ದಿನಗಳಲ್ಲಿ ಸ್ಟಾರ್ಟರ್ ತಿರುಗುವಾಗ ವೋಲ್ಟೇಜ್ ಹೀಗೇ ಕುಸಿದಿರುತ್ತದೆ. ಆ ದೂರು ಕಂಪ್ಯೂಟರಿನಲ್ಲಿ ದಾಖಲಾಗಿರುತ್ತದೆ. ಹೊಸ ಬ್ಯಾಟರಿ ಹಾಕಿದ ಮೇಲೆ ಗಾಡಿ ಸ್ವಲ್ಪ ದೂರ ಓಡಿ, ನಾಲ್ಕೂ ಚಕ್ರದ ಲೆಕ್ಕ ಸರಿ ಬಂದರೆ ಹಲವು ಕಾರುಗಳಲ್ಲಿ ದೀಪ ತಾನೇ ಆರುತ್ತದೆ. ಅಂಗಡಿಯವನ ಮಾತಿನ ನಿಜವಾದ ಅರ್ಧ ಇದು.

ಆರದಿದ್ದರೆ ಮೊದಲು ನೋಡಬೇಕಾದದ್ದು ಟರ್ಮಿನಲ್. ಬ್ಯಾಟರಿಯ ಮೇಲೆ 38ಬಿ20ಎಲ್ ಎಂಬಂತಹ ಗುರುತು ಇರುತ್ತದೆ. ಇದು ಜಪಾನಿ ಪದ್ಧತಿ. 20 ಅಂದರೆ ಉದ್ದ ಸುಮಾರು 20 ಸೆಂಟಿಮೀಟರ್; ಕೊನೆಯ ಎಲ್ ಅಥವಾ ಆರ್ ಟರ್ಮಿನಲ್ ಯಾವ ಕಡೆಗಿದೆ ಎಂದು ಹೇಳುತ್ತದೆ. ಎಲ್ ಬದಲು ಆರ್ ತಂದರೆ ಕೇಬಲ್ ಮುಟ್ಟುವುದಿಲ್ಲ, ಎಳೆದು ಸಿಕ್ಕಿಸುತ್ತಾರೆ. ಟರ್ಮಿನಲ್ ಕಂಬ ಸಪೂರವಾಗಿದ್ದು ಕ್ಲಾಂಪ್ ದೊಡ್ಡದಾದರೆ ಸಂದಿಗೆ ತಗಡಿನ ಚೂರು ತುರುಕುತ್ತಾರೆ. ದೀಪ, ಹಾರ್ನಿಗೆ ಇದು ಸಾಕು. ಎಬಿಎಸ್‌ಗೆ ಸಾಲದು. ಹಳ್ಳದ ರಸ್ತೆಯಲ್ಲಿ ಗಾಡಿ ಕುಲುಕಿದಾಗಲೆಲ್ಲ ಸಂಪರ್ಕ ಕ್ಷಣಹೊತ್ತು ತಪ್ಪಿ ದೀಪ ಬಂದು ಹೋಗುತ್ತದೆ. ಇನ್ನು ಅವಸರದಲ್ಲಿ ಪ್ಲಸ್ ಮೈನಸ್ ಅದಲುಬದಲಾಗಿ ಒಂದು ಕಿಡಿ ಹಾರಿತ್ತು ಎಂದಾದರೆ ಫ್ಯೂಸ್ ಹೋಗಿರಬಹುದು, ಆಲ್ಟರ್ನೇಟರಿನ ಡಯೋಡೂ ಹೋಗಿರಬಹುದು.

ಹಳದಿಯ ಜೊತೆ ಕೆಂಪೂ ಹತ್ತಿದ್ದರೆ ವಿಷಯ ಬೇರೆ. ಖಾಲಿ ಗಾಡಿಯಲ್ಲಿ ಹಿಂದಿನ ಚಕ್ರ ಬೇಗ ಕಚ್ಚಿಕೊಳ್ಳದಂತೆ ಹಿಂದಕ್ಕೆ ಹೋಗುವ ಒತ್ತಡ ಕಡಿಮೆ ಮಾಡಲು ಮೊದಲು ಒಂದು ಯಾಂತ್ರಿಕ ವಾಲ್ವ್ ಇತ್ತು. 1990ರ ದಶಕದಿಂದ ಆ ಕೆಲಸವನ್ನೂ ಎಬಿಎಸ್ ಕಂಪ್ಯೂಟರಿಗೇ ಒಪ್ಪಿಸುತ್ತಾ ಬಂದರು. ಅದಕ್ಕೆ ಇಬಿಡಿ ಎನ್ನುತ್ತಾರೆ. ಅದೂ ನಿಂತಾಗ ಕೆಂಪು ದೀಪವೂ ಹತ್ತುತ್ತದೆ. ಆಗ ಜೋರಾಗಿ ಬ್ರೇಕ್ ಒತ್ತಿದರೆ ಹಿಂಭಾಗ ಮೊದಲು ಜಾರಿ ಗಾಡಿ ತಿರುಗಿ ನಿಲ್ಲಬಹುದು. ಮಳೆಯಲ್ಲಂತೂ ಹೇಳುವುದೇ ಬೇಡ. ಕಾರಣ ಬರೀ ಸಡಿಲ ಟರ್ಮಿನಲ್ ಆಗಿರಬಹುದು, ಆದರೂ ಅದು ಸರಿಯಾಗುವವರೆಗೆ ಗಾಡಿ ಹೊರಡಿಸಬಾರದು.

ಒಬ್ಬ ಪತ್ರಕರ್ತ ಮಗುಚಿದ ಕಾರು

ಕಾರು ಜಾರುವ ಚಿತ್ರದ ಹಳದಿ ದೀಪದ ಕಥೆ ಪತ್ರಿಕೋದ್ಯಮ ಓದಿದ ನಮಗೆ ಪ್ರಿಯ. ಮರ್ಸಿಡಿಸ್‌ನ ಇಂಜಿನಿಯರ್ ಫ್ರಾಂಕ್ ವರ್ನರ್ ಮೋನ್ 1989ರಲ್ಲಿ ಸ್ವೀಡನ್ನಿನ ಹಿಮದ ರಸ್ತೆಯಲ್ಲಿ ಜಾರಿ ಚರಂಡಿಗೆ ಬಿದ್ದರು. ಎಬಿಎಸ್ ಒಂದೊಂದು ಚಕ್ರವನ್ನೂ ಬೇರೆಬೇರೆಯಾಗಿ ಹಿಡಿಯಬಲ್ಲದಾದರೆ, ಗಾಡಿ ಅಡ್ಡ ಜಾರುವುದನ್ನೂ ಅದರಿಂದಲೇ ತಡೆಯಬಾರದೇಕೆ ಎಂಬ ಯೋಚನೆ ಅಲ್ಲಿಂದ ಬೆಳೆಯಿತು. 1995ರಲ್ಲಿ ದುಬಾರಿ ಮರ್ಸಿಡಿಸ್ ಕಾರಿನಲ್ಲಿ ಇಎಸ್‌ಪಿ ಎಂಬ ಹೆಸರಲ್ಲಿ ಅದು ಬಂತು.

ದುಬಾರಿ ಕಾರಿನಲ್ಲೇ ಉಳಿಯುತ್ತಿತ್ತೋ ಏನೋ. 1997ರ ಅಕ್ಟೋಬರಿನಲ್ಲಿ ರಾಬರ್ಟ್ ಕೊಲಿನ್ ಎಂಬ ಸ್ವೀಡಿಷ್ ಪತ್ರಕರ್ತ ಮರ್ಸಿಡಿಸ್‌ನ ಹೊಸ ಸಣ್ಣ ಕಾರು ಎ ಕ್ಲಾಸ್ ಅನ್ನು ಪರೀಕ್ಷೆ ಮಾಡುತ್ತಿದ್ದರು. ಆ ದೇಶದಲ್ಲಿ ರಸ್ತೆಗೆ ಅಡ್ಡ ಬರುವ ದೊಡ್ಡ ಕಡವೆಯಂಥ ಪ್ರಾಣಿಯನ್ನು ತಪ್ಪಿಸಲು ಸ್ಟೇರಿಂಗನ್ನು ಥಟ್ಟನೆ ಎಡಕ್ಕೂ ಬಲಕ್ಕೂ ಎಳೆಯುವ ಪರೀಕ್ಷೆ ಅದು. ಕಾರು ಮಗುಚಿಬಿತ್ತು. ಸುದ್ದಿ ಜಗತ್ತಿಗೆಲ್ಲ ಹರಡಿತು. ಮೊದಲು ಒಪ್ಪದ ಕಂಪನಿ ಕೊನೆಗೆ ಮಾರಾಟ ನಿಲ್ಲಿಸಿ, ಸಸ್ಪೆನ್ಷನ್ ಬದಲಿಸಿ, ಎಲ್ಲಾ ಎ ಕ್ಲಾಸ್ ಕಾರುಗಳಿಗೂ ಇಎಸ್‌ಪಿ ಹಾಕಬೇಕಾಯಿತು. ಸಣ್ಣ ಕಾರಿಗೂ ಇದು ಬೇಕು ಎಂದಾದದ್ದು ಹೀಗೆ.

ಬ್ಯಾಟರಿ ಬಿಚ್ಚಿದ್ದನ್ನು ನಿಜವಾಗಿ ಮನಸ್ಸಿಗೆ ಹಚ್ಚಿಕೊಳ್ಳುವ ದೀಪ ಇದೇ. ಸ್ಟೇರಿಂಗ್ ಎಷ್ಟು ತಿರುಗಿದೆ ಎಂದು ಅದಕ್ಕೆ ಗೊತ್ತಿರಬೇಕು, ನೇರ ಎಂದರೆ ಯಾವುದು ಎಂದು ನೆನಪಿರಬೇಕು. ಕೆಲವು ಕಾರುಗಳಲ್ಲಿ ಬ್ಯಾಟರಿ ಬಿಚ್ಚಿದರೆ ಆ ನೆನಪು ಅಳಿಸಿಹೋಗುತ್ತದೆ. ಇಂಜಿನ್ ಸ್ಟಾರ್ಟ್ ಮಾಡಿ ಸ್ಟೇರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿದರೆ ಎಷ್ಟೋ ಸಲ ಅದು ಮತ್ತೆ ಕಲಿತುಕೊಳ್ಳುತ್ತದೆ. ಇದಕ್ಕೆ ದುಡ್ಡು ಬೇಡ. ಹಾಗೆಯೇ ಲಿವರ್ ಇಲ್ಲದೆ ಬಟನ್ನಿನಲ್ಲಿ ಕೆಲಸ ಮಾಡುವ ಎಲೆಕ್ಟ್ರಿಕ್ ಹ್ಯಾಂಡ್ ಬ್ರೇಕ್ ಇದ್ದರೆ, ಬ್ಯಾಟರಿ ಹಾಕಿದ ಮೇಲೆ ಪೆಡಲ್ ಒತ್ತಿಕೊಂಡು ಅದನ್ನು ಒಮ್ಮೆ ಹಾಕಿ ಬಿಡಬೇಕಾಗಬಹುದು. ಕೆಂಪು ದೀಪಕ್ಕೆ ನೆನಪಿಲ್ಲ ಎಂದು ಮೇಲೆ ಹೇಳಿದ್ದು ಲಿವರ್ ಇರುವ ಗಾಡಿಗಳಿಗೆ.

ಇವೆಲ್ಲ ದೊಡ್ಡವರ ಕಾರಿನ ಮಾತು ಎಂದು ಹತ್ತು ವರ್ಷದ ಹಿಂದೆ ಹೇಳಬಹುದಿತ್ತು. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೂ. ಆಗ ಕೊಂಡ ಕಾರುಗಳ ಮೊದಲ ಬ್ಯಾಟರಿ ಈಗಾಗಲೇ ಮುಗಿದಿದೆ, ಕೆಲವು ಎರಡನೆಯ ಯಜಮಾನರ ಕೈಗೂ ಬಂದಿವೆ. ಹಳ್ಳಿಯಲ್ಲಿ ಈಗ ಈ ಪ್ರಶ್ನೆ ಕೇಳಿಬರುತ್ತಿರುವುದು ಇದಕ್ಕೇ.

ಹೊರಡುವ ಮೊದಲು

ಬ್ಯಾಟರಿ ಬದಲಿಸಿದ ಮೇಲೆ ದೀಪ ಉಳಿದಿದ್ದರೆ ಮೊದಲು ಹಳೇ ಡ್ರೈವರ್‌ಗಳ ಪಾದದ ಪರೀಕ್ಷೆ. ಇಂಜಿನ್ ಆಫ್ ಇದ್ದಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಇಳಿದು ನಿಂತರೆ ಬೂಸ್ಟರ್ ಸರಿಯಿದೆ. ನಿಲ್ಲದೆ ನಿಧಾನಕ್ಕೆ ಇಳಿಯುತ್ತಲೇ ಇದ್ದರೆ ಎಲ್ಲೋ ಒತ್ತಡ ಸೋರುತ್ತಿದೆ. ಆಗ ಬಾನೆಟ್ ಎತ್ತುವುದೂ ಬೇಡ, ಗಾಡಿ ಅಲ್ಲೇ ಇರಲಿ, ಮೆಕ್ಯಾನಿಕ್ ಮನೆಗೆ ಬರಲಿ.

ಪೆಡಲ್ ಸರಿಯಿದ್ದರೆ ಹ್ಯಾಂಡ್ ಬ್ರೇಕ್, ಆಯಿಲ್ ಮಟ್ಟ, ಪ್ಯಾಡ್. ಆಮೇಲೆ ಟರ್ಮಿನಲ್ ಕೈಯಲ್ಲಿ ಅಲ್ಲಾಡುತ್ತದೆಯೇ ನೋಡಿ. ಅಲ್ಲಾಡಬಾರದು. ವೋಲ್ಟೇಜ್ ನೋಡಲು ಪೇಟೆಗೆ ಹೋಗಬೇಕಿಲ್ಲ, ಮೋಟರ್ ರಿಪೇರಿ ಮಾಡುವವರ ಹತ್ತಿರವೂ ಮೀಟರ್ ಇರುತ್ತದೆ. ಗಾಡಿ ಆಫ್ ಇದ್ದಾಗ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. ಇಂಜಿನ್ ಓಡುವಾಗ ಹೆಚ್ಚಿನ ಗಾಡಿಗಳಲ್ಲಿ 13.8ರಿಂದ 14.4ರವರೆಗೆ. ಇಂಜಿನ್ ಓಡುತ್ತಿದ್ದರೂ ಹನ್ನೆರಡೂವರೆ ದಾಟದಿದ್ದರೆ ಆಲ್ಟರ್ನೇಟರ್ ಕಡೆ ನೋಡಿ, ಬ್ಯಾಟರಿ ಅಂಗಡಿಯವನ ಜೊತೆ ಜಗಳ ಬೇಡ.

ಒಂದು ಹಳೇ ಅಭ್ಯಾಸ ಮಾತ್ರ ಬಿಡಲೇಬೇಕು. ಚಾರ್ಜಿಂಗ್ ಇದೆಯೇ ಎಂದು ನೋಡಲು ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಿತ್ತು ನೋಡುವುದು. ಡೈನಮೊ ಕಾಲದ ಗಾಡಿಗೆ ಅದು ನಡೆಯುತ್ತಿತ್ತು. ಇವತ್ತಿನ ಗಾಡಿಯಲ್ಲಿ ಬ್ಯಾಟರಿ ಕಿತ್ತ ಕ್ಷಣ ವೋಲ್ಟೇಜ್ ಜಿಗಿದು ಎಬಿಎಸ್ ಕಂಪ್ಯೂಟರನ್ನೇ ಸುಡಬಹುದು, ಅದರ ಬೆಲೆಯಲ್ಲಿ ಹಲವು ಬ್ಯಾಟರಿ ಬರುತ್ತವೆ.

ಇಷ್ಟಾದ ಮೇಲೂ ಹಳದಿ ಆರದಿದ್ದರೆ ಸ್ಕ್ಯಾನರ್ ಹಾಕಿಸಿ. ಆದರೆ ದೂರು ಏನಿತ್ತು ಎಂದು ಓದಿ ಹೇಳುವವರ ಹತ್ತಿರ ಹೋಗಿ. ಓದದೆ ಅಳಿಸಿಕೊಟ್ಟು ದುಡ್ಡು ಕೇಳುವವರೂ ಇದ್ದಾರೆ. ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ದೀಪ ವಾಪಸ್ ಬಂದಿರುತ್ತದೆ.

ದೀಪದ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸುವವರಿದ್ದಾರೆ. ಹಳೇ ಕಾರು ಮಾರುವಾಗ ಬಲ್ಬನ್ನೇ ಕಿತ್ತುಹಾಕುವವರೂ ಇದ್ದಾರೆ. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದಾಗ ಸ್ಟಾರ್ಟ್ ಮಾಡುವ ಮೊದಲು ಹ್ಯಾಂಡ್ ಬ್ರೇಕ್ ಎಳೆದು ಕೀ ಒಂದು ಸುತ್ತು ತಿರುಗಿಸಿ ಸುಮ್ಮನೆ ನೋಡಿ. ಕೆಂಪು ದೀಪವೂ ಎಬಿಎಸ್ ದೀಪವೂ ಹತ್ತಲೇಬೇಕು. ಹತ್ತದಿದ್ದರೆ ಬೆಲೆಯ ಮಾತು ಆಮೇಲೆ, ದೀಪ ಎಲ್ಲಿ ಹೋಯಿತು ಎಂದು ಮೊದಲು ಕೇಳಿ.